ಹೂಮಳೆಯ ತಿಂಗಳಲ್ಲಿ ಹುಳಿ ಬಿಯರ್

ಹೊರಡುವ ಮುನ್ನ

ಕಾಫಿ ಬೆಳೆಯುವವರು ಮಾರ್ಚ್ ತಿಂಗಳಲ್ಲಿ ಊರು ಬಿಡುವುದಿಲ್ಲ. ಮದುವೆಗೆ ಕರೆದರೆ ಯಾರ ಕೈಯಲ್ಲೋ ಮುಯ್ಯಿ ಕಳಿಸಿ ಸುಮ್ಮನಾಗುತ್ತೇವೆ. ಸಾವಿಗೆ ಹೋದರೂ ಸಂಜೆಯೊಳಗೆ ಮನೆ ಸೇರುತ್ತೇವೆ. ಅಂಥದ್ದರಲ್ಲಿ ನಾನು ಬಿಯರ್ ಕುಡಿಯಲು ಬ್ರಸೆಲ್ಸಿಗೆ ಹೊರಟಿದ್ದೆ. ಬಾಳ್ಳುಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕವರಿಗೆಲ್ಲ "ಗೆಳತಿಗೆ ಹುಷಾರಿಲ್ಲ, ನೋಡ್ಕಂಡು ಬತ್ತೀನಿ" ಎಂದು ಸುಳ್ಳು ಹೇಳಿದೆ.

ಗೆಳತಿ ಲಿಲ್ಲಿ ಗುಂಡುಕಲ್ಲಿನ ಹಾಗಿದ್ದಾಳೆ. ಸಕಲೇಶಪುರದ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದು ಪೇಟೆಯಲ್ಲಿ ಅಂಗಡಿ ಇಟ್ಟ ಕ್ಯಾಥೊಲಿಕ್ ಮನೆತನ ಅವಳದು. ಅವಳ ಅಮ್ಮ ಕ್ರಿಸ್ಮಸ್ಸಿಗೆಂದು ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಿದ್ದರು. ಆ ಭರಣಿಗೆ ಕಿವಿಯಿಟ್ಟು ಒಳಗಿನ ಬುಸುಬುಸು ಕೇಳುವುದು ನನ್ನ ಬಾಲ್ಯದ ಮೋಜುಗಳಲ್ಲಿ ಒಂದು. ಲಿಲ್ಲಿ ಈಗ ಬ್ರಸೆಲ್ಸಿನಲ್ಲಿ ನರ್ಸ್. ರಜೆ ಸಿಕ್ಕಾಗಲೆಲ್ಲ ಪ್ರವಾಸಿಗರ ಕಣ್ಣಿಗೆ ಬೀಳದ ಸಣ್ಣಪುಟ್ಟ ಬಿಯರ್ ಮನೆಗಳನ್ನು ಹುಡುಕಿಕೊಂಡು ಹೋಗುವುದು ಅವಳ ಹುಚ್ಚು. ಅಲ್ಲಿ ಈಸ್ಟ್ ಹಾಕದೆ ಬರೀ ಗಾಳಿಗಿಟ್ಟು ಹುದುಗಿಸುವ ಹುಳಿ ಬಿಯರ್ ಒಂದಿದೆಯಂತೆ. ಚಳಿಗಾಲದಲ್ಲಿ ಮಾತ್ರ ಬೇಯಿಸುತ್ತಾರೆ, ಮಾರ್ಚ್ ಕಳೆದರೆ ಒಲೆ ಆರಿಸಿಬಿಡುತ್ತಾರೆ. ನಮಗೆ ನವೆಂಬರಿನಿಂದ ಜನವರಿ ಮುಗಿಯುವ ತನಕ ಕಾಫಿ ಕೊಯ್ಲು. ಆಮೇಲೆ ಹೂವಿನ ಕಾಲ. "ಹಿಂಗೇ ಲೆಕ್ಕ ಹಾಕ್ತಾ ಕೂತ್ರೆ ನೀನು ಸತ್ತಮೇಲೇ ಬರೋದು ಕಣೆ ಸುಮಿ," ಎಂದು ಬೈದು ಲಿಲ್ಲಿ ಟಿಕೆಟ್ ಕಳಿಸಿಬಿಟ್ಟಳು.

ಹೂವಿನ ಕಾಲದ ಸಂಕಟ ತಿಳಿಯದವರಿಗೆ ಎರಡು ಮಾತು. ರೋಬಸ್ಟಾ ಕಾಫಿ ಗಿಡದ ಮೊಗ್ಗು ಒಂದು ಒಳ್ಳೆಯ ಮಳೆಗಾಗಿ ಬಾಯಿಬಿಟ್ಟು ಕಾಯುತ್ತಿರುತ್ತದೆ. ಮಣ್ಣು ನೆನೆಯುವಷ್ಟು ಬಂದರೆ ವಾರ ಒಂಬತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗೆ. ಬಾರದಿದ್ದರೂ ಇನ್ನೊಂದಷ್ಟು ದಿನ ತಾಳಿಕೊಳ್ಳುತ್ತದೆ. ಆದರೆ ನಾಲ್ಕು ಹನಿ ಬಿದ್ದು ನಿಂತುಬಿಟ್ಟಿತೋ, ಮೊಗ್ಗು ಅರ್ಧ ಎಚ್ಚರಾಗಿ, ನೀರು ಸಾಲದೆ ಕಮರಿ ಹೋಗುತ್ತದೆ. "ಮಳೆ ಬಂದ್ರೆ ಕೇಡಲ್ಲ, ಮಗ ಉಂಡ್ರೆ ಕೇಡಲ್ಲ" ಎಂಬ ಗಾದೆ ಕಟ್ಟಿದವರು ಖಂಡಿತ ಕಾಫಿ ಬೆಳೆದವರಲ್ಲ. ಅರೆ ಮಳೆ ಬಿದ್ದರೆ ತಕ್ಷಣ ಸ್ಪ್ರಿಂಕ್ಲರ್ ಹಾಕಿ ನೆನೆಸಬೇಕು. ಈ ವರ್ಷ ನಮ್ಮ ತೋಟದ ಕೆರೆಯಲ್ಲಿದ್ದ ನೀರು ಒಂದೇ ಸುತ್ತಿಗೆ ಸಾಲುವಷ್ಟು. ಅವಸರಪಟ್ಟು ಖಾಲಿ ಮಾಡಿದರೆ ಮುಂದೆ ಗತಿಯಿಲ್ಲ, ತಡ ಮಾಡಿದರೆ ವರ್ಷದ ಬೆಳೆಯೇ ಇಲ್ಲ.

ತೋಟ ನನ್ನ ಅಪ್ಪನ ಕಡೆಯದು. ನೀರು ಯಾವಾಗ ಬಿಡಬೇಕೆಂದು ಮೊದಲಿನಿಂದಲೂ ಹೇಳುವವಳು ನಾನೇ. ನಮ್ಮನೆಯವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಜೀವ. ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯಿಂದಲೇ ಇನ್ನೊಮ್ಮೆ ಎಚ್ಚರಿಸಿದೆ: "ನಾನು ಹೇಳೋವರ್ಗೂ ಕೆರೆ ಮುಟ್ಬೇಡಿ."

"ಆಯ್ತು ಕಣೆ, ಮುಟ್ಟಲ್ಲ. ಹೋಗ್ಬಾ," ಅಂದರು. ಅವರು ಅಷ್ಟು ಬೇಗ ಒಪ್ಪಿದ್ದೇ ನನಗೆ ಸರಿಬರಲಿಲ್ಲ.

ಚರ್ಚಿನ ಹಿಂದಿನ ಬಾರು

ಬಾರೆಂದರೆ ನನಗೆ ಗೊತ್ತಿದ್ದದ್ದು ಹೆದ್ದಾರಿ ಬದಿಯವು. ಹೊರಗೆ ಲಾರಿ, ಒಳಗೆ ಕತ್ತಲೆ, ಬಾಗಿಲಿಗೆ ಪರದೆ. ಹೆಂಗಸರು ಅದರ ಮುಂದೆ ಹಾದುಹೋಗುವಾಗ ಹೆಜ್ಜೆ ಬಿರುಸಾಗುತ್ತದೆ. ಇಲ್ಲಿ ಲಿಲ್ಲಿ ನನ್ನನ್ನು ಕರೆದೊಯ್ದ ಬಾರಿನಲ್ಲಿ ಅಜ್ಜಿಯೊಬ್ಬರು ಮಡಿಲಲ್ಲಿ ಉಲ್ಲನ್ ಹೆಣಿಗೆ, ಕಾಲ ಬಳಿ ನಾಯಿ, ಮುಂದೊಂದು ಗ್ಲಾಸು ಇಟ್ಟುಕೊಂಡು ಹಾಯಾಗಿ ಕೂತಿದ್ದರು. ಪಕ್ಕದ ಮೇಜಿನಲ್ಲಿ ಇಬ್ಬರು ಗಂಡಸರು ಹಸಿ ಮೂಲಂಗಿಗೆ ಉಪ್ಪು ಅದ್ದಿ, ಗಿಣ್ಣಿನಂಥದ್ದನ್ನು ಸವರಿದ ಬ್ರೆಡ್ಡಿನ ಜೊತೆ ತಿನ್ನುತ್ತಿದ್ದರು. ಬಿಯರಿಗೆ ಮೂಲಂಗಿ ನಂಚಿಕೊಳ್ಳುವ ಜನ ಲೋಕದಲ್ಲಿದ್ದಾರೆಂದು ನಮ್ಮೂರಿನಲ್ಲಿ ಹೇಳಿದರೆ ನಂಬುವುದಿಲ್ಲ.

ಮಣ್ಣಿನ ಹೂಜಿಯಲ್ಲಿ ಹುಳಿ ಬಿಯರ್ ಬಂತು. ನೊರೆಯಿಲ್ಲ, ಗುಳ್ಳೆಯಿಲ್ಲ. ಮೂಗಿನ ಹತ್ತಿರ ಹಿಡಿದೆ. ಒದ್ದೆ ಗೋಣಿಚೀಲದ ವಾಸನೆ! ನಮ್ಮ ಸ್ಟೋರಿನಲ್ಲಿ ಕಾಫಿ ಹಾಗೆ ನಾರಿದರೆ ಆ ಚೀಲವನ್ನು ಬೇರೆ ಇಡುತ್ತೇವೆ. ಇಲ್ಲಿ ಅದಕ್ಕೇ ಜನ ಸಾಲು ನಿಲ್ಲುತ್ತಾರೆ. ಕಾಫಿಯ ರುಚಿ ನೋಡುವ ತರಬೇತಿಯಲ್ಲಿ ಕಲಿತ ಅಭ್ಯಾಸ ಹೋಗಬೇಕಲ್ಲ! ಬಾಯಿಗಿಟ್ಟವಳೇ ಸುರ್ರೆಂದು ಗಾಳಿಯ ಸಮೇತ ಎಳೆದೆ. ಇಡೀ ಬಾರು ತಿರುಗಿ ನೋಡಿತು. ನಾಲಗೆಯ ಎರಡು ಬದಿಗೂ ಹೇರಳೆಕಾಯಿಯ ಹುಳಿ ಅಡರಿತು. ಎರಡು ಸಲ ಬಾಯಾಡಿಸಿ, ತರಬೇತಿಯಲ್ಲಿ ಮಾಡುವಂತೆಯೇ, ಕೆಳಗೆ ಕಂಡ ಬಟ್ಟಲಿಗೆ ಉಗಿದುಬಿಟ್ಟೆ.

"ಅಯ್ಯೋ ಮಾರಾಯ್ತಿ, ಅದು ನಾಯಿ ಕುಡಿಯೋ ನೀರು ಕಣೆ!" ಲಿಲ್ಲಿ ಹಣೆ ಚಚ್ಚಿಕೊಂಡಳು.

ನಾಯಿ ಬಂದು ಬಟ್ಟಲು ಮೂಸಿ, ನನ್ನ ಮುಖ ನೋಡಿ, ಒಂದೆರಡು ಗುಟುಕು ನೆಕ್ಕಿತು. ಅಜ್ಜಿ ಹೆಣಿಗೆ ಬಿಟ್ಟು ನಕ್ಕರು. ನಾನೂ ನಗಬೇಕಿತ್ತು. ಆದರೆ ಅಷ್ಟರಲ್ಲಿ ನನ್ನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗಿತ್ತು. ಊರಿನಲ್ಲಿ ಈಗ ಸಂಜೆ, ಮೋಡ ಕಟ್ಟುವ ಹೊತ್ತು. ಬೀದಿಗೆ ಹೋಗಿ ಫೋನ್ ಮಾಡಿದೆ.

"ಮೋಡ ಐತೆ, ಮಳೆ ಇಲ್ಲ. ಮಾರನಹಳ್ಳಿ ಕಡೆ ಹುಯ್ತಂತೆ," ಅಂದರು ನಮ್ಮನೆಯವರು. "ನೀನು ಕುಡಿದ್ಯಾ? ಹೆಂಗೈತೆ?"

"ಮೋಡ ಯಾವ ಕಡೆ?"

"ಮೇಲ್ಗಡೆ ಕಣೆ," ಅಂದರು. ತಮಾಷೆಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಕಾಲುವೆಯ ಪಕ್ಕದ ಗ್ಯಾರೇಜು

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಲಿಲ್ಲಿ ಹೇಳಿದಲ್ಲಿಗೆಲ್ಲ ಹೋದೆ. ಮುಚ್ಚಿಹೋದ ಛಾಪಖಾನೆಯಲ್ಲಿ ಬೇಯಿಸುವವರು, ಇಗರ್ಜಿಯ ನೆಲಮಾಳಿಗೆಯಲ್ಲಿ ಪೀಪಾಯಿ ಜೋಡಿಸಿದವರು, ಅಡುಗೆಮನೆಯಷ್ಟೇ ಜಾಗದಲ್ಲಿ ವಾರಕ್ಕೊಮ್ಮೆ ಒಂದು ಹಂಡೆ ಇಳಿಸುವವರು. ಆದರೆ ಎಲ್ಲಿಯೂ ಕಾಲೂರಿ ಕೂರಲಿಲ್ಲ. ಒಂದು ಕಡೆ ಕೂತರೆ ಇನ್ನೊಂದು ಕಡೆ ಫೋನು ಚೆನ್ನಾಗಿ ಸಿಗಬಹುದೆನ್ನಿಸುತ್ತಿತ್ತು. ಈ ಊರಿನವರು ಒಂದು ಗ್ಲಾಸಿನೊಂದಿಗೆ ಇಡೀ ಮಧ್ಯಾಹ್ನ ಕಳೆಯುತ್ತಾರೆ. ಪ್ರತಿ ಬಿಯರಿಗೂ ಬೇರೆ ಆಕಾರದ ಗ್ಲಾಸು, ಅದು ತೊಳೆದು ಸಿಗುವವರೆಗೂ ಬೇರೆಯದರಲ್ಲಿ ಸುರಿಯುವುದಿಲ್ಲ, ಕಾಯಿಸುತ್ತಾರೆ. ನಮ್ಮಲ್ಲಿ ಒಂದೇ ಲೋಟದಲ್ಲಿ ಕಾಫಿ, ಮಜ್ಜಿಗೆ, ಕಷಾಯ ಎಲ್ಲ ನಡೆಯುತ್ತದೆ. "ಯಾವ್ದಾದ್ರೂ ಲೋಟಕ್ಕೆ ಹಾಕಿ ಕೊಡ್ಸೇ" ಅಂದರೆ ಲಿಲ್ಲಿ ಕೇಳಿಸದವಳಂತೆ ಇರುತ್ತಿದ್ದಳು.

ಕಾಲುವೆಯ ಪಕ್ಕದ ಹಳೆಯ ಗ್ಯಾರೇಜಿನಲ್ಲಿ ಗಂಡಹೆಂಡತಿ ಇಬ್ಬರೇ ನಡೆಸುವ ಬಿಯರ್ ಮನೆ. ಅವರು ಕಾಫಿ ಹಾಕಿದ ಕಪ್ಪು ಬಿಯರ್ ಮಾಡುತ್ತಾರೆಂದೇ ಲಿಲ್ಲಿ ನನ್ನನ್ನು ಕರೆದೊಯ್ದಿದ್ದು. ನಾನು ಕಾಫಿ ಬೆಳೆಯುವವಳೆಂದು ಕೇಳಿ ಆ ಹೆಂಡತಿ ಕೈಕುಲುಕಿದಳು. ತಮ್ಮ ಅತ್ಯುತ್ತಮ ಗ್ಲಾಸನ್ನು ಒರೆಸಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಬಿಯರ್ ತುಂಬಿಸಿ ನನ್ನ ಮುಂದಿಟ್ಟಳು. ಗಂಡ ಕೈಕಟ್ಟಿ ನನ್ನ ಮುಖವನ್ನೇ ನೋಡುತ್ತ ನಿಂತ. ಗ್ಲಾಸನ್ನು ಎತ್ತಿದೆ. ಆಗ ಮೇಜಿನ ಮೇಲಿದ್ದ ಫೋನಿನಲ್ಲಿ ನಮ್ಮನೆಯವರ ಸಂದೇಶ: "ಹನಿ ಬಿತ್ತು. ಮಣ್ಣು ನೆನೀಲಿಲ್ಲ. ನಿಂತೋಯ್ತು."

ಅರೆ ಮಳೆ.

ಗ್ಲಾಸು ಇಟ್ಟವಳೇ ಬೀದಿಗೆ ಓಡಿದೆ. ಕಾಲುವೆಯ ದಂಡೆಯಲ್ಲಿ ನಿಂತು ಮತ್ತೆ ಮತ್ತೆ ಫೋನ್ ಮಾಡಿದೆ. ಆ ಪರದೇಶದ ಗಾಳಿಯಲ್ಲಿ ಅಚ್ಚ ಕನ್ನಡದ ಹೆಣ್ಣು ದನಿಯೊಂದು ಕೇಳಿಬಂತು: ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ನಮ್ಮಲ್ಲಿ ಮೊದಲ ಗುಡುಗಿಗೇ ಕರೆಂಟು ಹೋಗುತ್ತದೆ, ಹಿಂದೆಯೇ ಟವರೂ ಸಾಯುತ್ತದೆ. ಅವರು ಆ ಸಂದೇಶ ಕಳಿಸಿದ್ದೇ ದೊಡ್ಡದು.

"ನಿಮ್ಮನೆಯವ್ರು ಏನಾದ್ರೂ ಮಾಡ್ತಾರೆ ಬಿಡೇ," ಅಂದಳು ಲಿಲ್ಲಿ.

"ಅವ್ರು ಏನೂ ಮಾಡಲ್ಲ ಕಣೆ. ನಾನು ಮುಟ್ಬೇಡಿ ಅಂದಿದೀನಲ್ಲ, ಮುಟ್ಟಲ್ಲ. ಕೆರೆ ತುಂಬಾ ನೀರಿಟ್ಕೊಂಡು, ಹೂವೆಲ್ಲ ಕಮರೋದನ್ನ ನೋಡ್ತಾ ಕೂತಿರ್ತಾರೆ, ನನ್ ಫೋನ್ ಕಾಯ್ಕೊಂಡು."

ಮಾತು ಕೇಳದ ಗಂಡನ ಬಗ್ಗೆ ಹೆಂಗಸರು ದೂರುವುದನ್ನು ಕೇಳಿದ್ದೇನೆ. ಮಾತು ಕೇಳುವ ಗಂಡನಿಂದ ಒಂದು ವರ್ಷದ ಬೆಳೆ ಹೋಗುವ ಸಂಕಟ ನನ್ನೊಬ್ಬಳದೇ ಇರಬೇಕು. ಒಳಗೆ ಹೋಗಿ ನೋಡಿದರೆ ಬಿಯರ್ ನಾನಿಟ್ಟ ಹಾಗೇ ಇತ್ತು. ಆ ಇಬ್ಬರೂ ಅದರ ಎರಡು ಬದಿಗೆ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದರು. ರುಚಿ ಹಿಡಿಸಲಿಲ್ಲವೆಂದೇ ತಿಳಿದಿದ್ದರು ಪಾಪ. ನಿಂತಲ್ಲೇ ಗಟಗಟ ಕುಡಿದು "ಚೆನ್ನಾಗಿದೆ" ಎಂದು ಹೊರಟೆ. ಅದರ ರುಚಿ ಏನೆಂದು ಇವತ್ತು ಕೇಳಿದರೂ ನನಗೆ ಗೊತ್ತಿಲ್ಲ.

ಗ್ರೀಟಳ ಅಟ್ಟ

ಅದೇ ಸಂಜೆ, ಹುಳಿ ಬಿಯರ್ ಬೇಯಿಸುವ ಗ್ರೀಟ್ ಎಂಬವಳ ಬಿಯರ್ ಮನೆಗೆ ಹೋಗುವುದೆಂದು ಲಿಲ್ಲಿ ತಿಂಗಳ ಹಿಂದೆಯೇ ಮಾತಾಡಿದ್ದಳು. ತಪ್ಪಿಸುವಂತಿರಲಿಲ್ಲ. ರೈಲು ಹಳಿಯ ಆಚೆ, ಟೈರ್ ಅಂಗಡಿಗಳ ನಡುವೆ, ಬೋರ್ಡೂ ಇಲ್ಲದ ಇಟ್ಟಿಗೆ ಕಟ್ಟಡ. ಗ್ರೀಟ್ ನನ್ನ ವಯಸ್ಸಿನವಳೇ. ರಬ್ಬರ್ ಬೂಟು, ಮೊಣಕೈವರೆಗೆ ಮಡಿಸಿದ ತೋಳು. ಬಾಗಿಲಲ್ಲಿ ನಿಂತು ನಮ್ಮನ್ನು ನೋಡುವ ಬದಲು ಆಕಾಶ ನೋಡುತ್ತಿದ್ದಳು. ಅಷ್ಟಕ್ಕೇ ಅವಳು ನನಗೆ ನಮ್ಮ ಪೈಕಿಯವಳೆನ್ನಿಸಿಬಿಟ್ಟಳು.

ಅವಳ ಕಥೆಯೂ ನನ್ನದೇ. ಬಿಯರ್ ಬೇಯಿಸಿದ ರಾತ್ರಿ ಚಳಿ ಇರಬೇಕು. ಸೆಕೆಯಾದರೆ ಗಾಳಿಯಲ್ಲಿ ಕಣ್ಣಿಗೆ ಕಾಣದ ಕೆಟ್ಟ ಹುಳುಗಳೇ ಹೆಚ್ಚಾಗಿ ಎಲ್ಲ ಹಾಳು. ಎರಡು ವಾರದಿಂದ ಚಳಿಗಾಗಿ ಕಾದಿದ್ದಾಳೆ. ಇವತ್ತು ಗಾಳಿ ತಿರುಗಿದೆ. ಈ ವರ್ಷದ ಕೊನೆಯ ಹಂಡೆ ಇದು.

ಏಣಿಯಂಥ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದೆವು. ಮಾಡಿನ ಕೆಳಗೆ, ನಮ್ಮ ಕಾಫಿ ಕಣದ ಒಂದು ಮೂಲೆಯನ್ನು ಕಿತ್ತು ತಂದಿಟ್ಟಂತೆ, ಅಗಲವಾದ ತಾಮ್ರದ ತಟ್ಟೆ. ಗೇಣು ಆಳ. ಅದರ ತುಂಬ ಗೋಧಿ ಬಾರ್ಲಿಯ ಬಿಸಿ ಕಷಾಯ ಹಬೆಯಾಡುತ್ತಿತ್ತು. ಸುತ್ತಲೂ ಮರದ ಕಿಟಕಿಗಳು, ಎಲ್ಲ ತೆರೆದೇ ಇದ್ದವು. ತೊಲೆಗಳಿಗೆ ಜೇಡರ ಬಲೆ ಜೋತುಬಿದ್ದಿತ್ತು. ಅದನ್ನು ತೆಗೆಯುವುದಿಲ್ಲವಂತೆ. ಧೂಳು, ಬಲೆ, ಹೊರಗಿನ ಗಾಳಿ, ಹುದುಗು ಹಿಡಿಸುವ ಜೀವಗಳು ಯಾವುದರಲ್ಲಿವೆಯೋ ಅವಳಿಗೂ ತಿಳಿಯದು. ರಾತ್ರಿ ಅವೆಲ್ಲ ಬಂದು ತಟ್ಟೆಗಿಳಿಯಬೇಕು, ಬೆಳಿಗ್ಗೆ ಪೀಪಾಯಿಗೆ ತುಂಬಬೇಕು. ಕುಡಿಯಲು ಎರಡು ಮೂರು ವರ್ಷ.

"ಒಮ್ಮೆ ತುಂಬಿಸಿದ ಮೇಲೆ ಬೆಳಗಿನವರೆಗೆ ನಾನೂ ಹತ್ತಿ ಬರುವುದಿಲ್ಲ," ಅಂದಳು ಗ್ರೀಟ್, ಲಿಲ್ಲಿಯ ಅನುವಾದದಲ್ಲಿ. "ಬಂದರೆ ಏನಾದರೂ ಮಾಡಬೇಕೆನ್ನಿಸುತ್ತದೆ."

ಇಬ್ಬರೂ ಇಳಿದರು. ಒಂದು ನಿಮಿಷ ನಿಂತು ಬರುತ್ತೇನೆಂದೆ. ಆ ಹಬೆಯಲ್ಲಿ ಬೆಲ್ಲದ ಗಾಣದ ಪರಿಮಳವಿತ್ತು, ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಫೋನ್ ತೆಗೆದು ಇನ್ನೊಮ್ಮೆ ಪ್ರಯತ್ನಿಸಿದೆ. ಅದೇ ಹೆಣ್ಣು ದನಿ. ಆಗ ಮಾಡಿನ ಮೇಲೆ ಟಪ್ ಅಂತೊಂದು ಸದ್ದು. ಇನ್ನೊಂದು. ನಾಲ್ಕಾರು. ಮಳೆ ಹನಿ!

ಮುಂದಿನದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಕೈಕಾಲು ಮಾಡಿದವು. ಕಣದಲ್ಲಿ ಕಾಫಿ ಹರವಿರುವಾಗ ಹನಿ ಬಿದ್ದರೆ ಬಾಯಿಗಿಟ್ಟ ತುತ್ತು ಬಿಟ್ಟು ಓಡಿ ಟಾರ್ಪಾಲು ಮುಚ್ಚುವುದು ನಮಗೆ ಹುಟ್ಟಿನಿಂದ ಬಂದದ್ದು. ದಡದಡ ಓಡಿ ಒಂದು ಬದಿಯ ಕಿಟಕಿಗಳನ್ನೆಲ್ಲ ಎಳೆದು ಅಗಣಿ ಹಾಕಿದೆ. ಇನ್ನೊಂದು ಬದಿಯವನ್ನೂ ಹಾಕಿದೆ. ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆಯೊಂದು ಕಂಡಿತು. ಬಿಡಿಸಿ, ಎರಡು ತುದಿ ಹಿಡಿದು, ತಟ್ಟೆಯ ಮೇಲೆ ಬೀಸಿ ಹೊದಿಸಬೇಕು, ಅಷ್ಟರಲ್ಲಿ ಗ್ರೀಟ್ ಮೆಟ್ಟಿಲು ಹತ್ತಿ ಬಂದಳು. ಅಟ್ಟದ ಮೇಲೆ ಓಡಾಟದ ಸದ್ದು ಕೇಳಿ ಬಂದಿದ್ದಳು.

ಹಾಳೆಯ ತುದಿಗಳು ನನ್ನ ಕೈಯಲ್ಲೇ ಇದ್ದವು. ಹಬೆ ಹೊರಹೋಗಲಾರದೆ ಅಟ್ಟವೆಲ್ಲ ಮಂಜಾಗಿ, ತೊಲೆಯಿಂದ ನೀರು ತಟ್ಟೆಗೆ ತೊಟ್ಟಿಕ್ಕುತ್ತಿತ್ತು. ಗ್ರೀಟ್ ತನ್ನ ಭಾಷೆಯಲ್ಲಿ ಏನೋ ಕೂಗಿದಳು. ಬೈಗುಳವೇ. ಅದಕ್ಕೆ ಅನುವಾದ ಬೇಕಿರಲಿಲ್ಲ. ನನ್ನನ್ನು ತಳ್ಳಿಕೊಂಡೇ ಹೋಗಿ ಕಿಟಕಿಗಳನ್ನು ಒಂದೊಂದಾಗಿ ತೆರೆದಳು. ಹಿಂದೆಯೇ ಹತ್ತಿಬಂದ ಲಿಲ್ಲಿ ನನ್ನ ಕೈಯಿಂದ ಹಾಳೆ ಕಿತ್ತುಕೊಂಡಳು.

"ಏನೇ ಮಾಡ್ಬುಟ್ಟೆ ಸುಮಿ?"

"ಮಳೆ ಬಂತಲ್ಲೇ," ಅಂದೆ. ಅಂದವಳು ನಿಂತಲ್ಲೇ ಅತ್ತುಬಿಟ್ಟೆ. ನಲವತ್ತು ವರ್ಷದಿಂದ ನನ್ನನ್ನು ಬಲ್ಲ ಲಿಲ್ಲಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಕೆಳಗೆ ಕೂರಿಸಿ ಲಿಲ್ಲಿಯೇ ಎಲ್ಲ ಹೇಳಿದಳು: ಹೂವು, ಅರೆ ಮಳೆ, ಕೆರೆ, ಸತ್ತ ಫೋನು. ಗ್ರೀಟ್ ಎದ್ದು ಒಂದು ಹಳೆಯ ಬಾಟಲಿ ತೆಗೆದು ಮೂರು ಗ್ಲಾಸಿಗೆ ಸುರಿದಳು.

"ನನ್ನ ಬಿಯರ್ ಕೆಟ್ಟಿತಾ?" ಕೇಳಿದೆ. ನಿನ್ನ ಬಿಯರ್ ಅನ್ನುವ ಬದಲು ನನ್ನ ಬಿಯರ್ ಅಂದುಬಿಟ್ಟಿದ್ದೆ. ಲಿಲ್ಲಿ ಅದನ್ನು ತಿದ್ದದೆ ಹಾಗೆಯೇ ಅವಳ ಭಾಷೆಗೆ ದಾಟಿಸಿದಳು.

"ಗೊತ್ತಿಲ್ಲ," ಅಂದಳು ಗ್ರೀಟ್. "ಮೂರು ವರ್ಷ ಬಿಟ್ಟು ಬಾ, ಹೇಳುತ್ತೇನೆ." ಗ್ಲಾಸನ್ನು ನನ್ನ ಕಡೆ ಸರಿಸಿ ಮತ್ತೆ ಅಂದಳು, "ನಿನ್ನ ಗಂಡನಿಗೆ ಕಣ್ಣು ಇದೆಯಲ್ಲ? ಮೊಗ್ಗು ಅವನ ಎದುರಿಗಿದೆ. ನಿನ್ನ ಎದುರಿಗಿರುವುದು ಬರೀ ಫೋನು."

ನನಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು. ಅದನ್ನು ಬಿಯರಿನ ಜೊತೆಗೆ ನುಂಗಿದೆ. ಹೋದಾಗಿನಿಂದ ಒಂದು ಗ್ಲಾಸನ್ನು ಕೂತು ಪೂರ್ತಿ ಕುಡಿದದ್ದು ಅದೇ ಮೊದಲು. ಹೊರಗೆ ಮಳೆ ಎಷ್ಟೊತ್ತಿಗೋ ನಿಂತಿತ್ತು.

ಲಿಲ್ಲಿಯ ಬಾಲ್ಕನಿ

ಮರುದಿನವೂ ಫೋನಿಲ್ಲ. ಸಕಲೇಶಪುರ ಪೇಟೆಯಲ್ಲಿರುವ ಲಿಲ್ಲಿಯ ತಮ್ಮನಿಗೆ ಕೇಳಿದರೆ, "ಇಲ್ಲಿ ಚೆನ್ನಾಗಿ ಹುಯ್ತು, ನಿಮ್ ಕಡೆ ಗೊತ್ತಿಲ್ಲ ಕಣಕ್ಕಾ" ಅಂದ. ನಮ್ಮಲ್ಲಿ ರಸ್ತೆಯ ಈ ಬದಿ ಹುಯ್ದರೆ ಆ ಬದಿ ಧೂಳೇಳುತ್ತದೆ. ಅವನ ಮಾತಿನಿಂದ ಏನೂ ಬಗೆಹರಿಯಲಿಲ್ಲ. ಬಾಲ್ಕನಿಯಲ್ಲಿ ಆ ತುದಿಯಿಂದ ಈ ತುದಿಗೆ ಅಲೆದೆ. ಕೆಳಗಿನ ಮನೆಯವರು ಕೋಲಿನಿಂದ ತಮ್ಮ ಸೂರು ಕುಟ್ಟಿದರು.

ಅದರ ಮರುದಿನ ನಮ್ಮನೆಯವರೇ ಫೋನ್ ಮಾಡಿದರು.

"ಕೆರೆ ಏನಾಯ್ತು?" ಕ್ಷೇಮ ಕೂಡ ಕೇಳದೆ ಕೇಳಿದೆ.

"ನಾನೊಂದು ಮಾಡ್ಬುಟ್ಟಿದೀನಿ ಕಣೆ. ಬಂದ್ಮೇಲೆ ನೀನೇ ನೋಡು. ಫೋನಲ್ಲಿ ಬೈಸ್ಕೊಳ್ಳೋಕೆ ನನ್ಕೈಲಾಗಲ್ಲ."

ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. ಇಟ್ಟುಬಿಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಮಾತು ಮುಗಿಯುವ ಮೊದಲು ಅವರು ಫೋನ್ ಇಟ್ಟದ್ದು ಅದೇ ಮೊದಲು. ಉಳಿದ ದಿನಗಳಲ್ಲಿ ಲಿಲ್ಲಿ ಇನ್ನೂ ನಾಲ್ಕು ಬಿಯರ್ ಮನೆ ತೋರಿಸಿದಳು. ಒಂದರಲ್ಲಿ ಚೆರ್ರಿ ಹಣ್ಣು ಹಾಕಿದ್ದರು, ಇನ್ನೊಂದರಲ್ಲಿ ಏನೋ ಸೊಪ್ಪು. ಅಷ್ಟೇ ನೆನಪು. ಹೊರಡುವ ದಿನ ಗ್ರೀಟ್ ತನ್ನ ಬಾಟಲಿಯೊಂದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಲಿಲ್ಲಿಯ ಮೂಲಕ ಕಳಿಸಿದ್ದಳು. ಬೈಯಿಸಿಕೊಂಡವರಿಗೂ ಮರ್ಯಾದೆ ಮಾಡುವ ಪದ್ಧತಿ ಅಲ್ಲೂ ಇದೆ.

ಮತ್ತೆ ಬಾಳ್ಳುಪೇಟೆ

ಜೀಪಿನ ಪಕ್ಕ ನಿಂತ ನಮ್ಮನೆಯವರ ಗಡ್ಡ ಬೆಳೆದಿತ್ತು. ದಿನವೂ ಬೆಳಿಗ್ಗೆ ನುಣ್ಣಗೆ ಕ್ಷೌರ ಮಾಡಿಕೊಳ್ಳುವ ಮೇಷ್ಟ್ರು ಅವರು. ದಾರಿಯುದ್ದಕ್ಕೂ ಕೆರೆಯ ಸುದ್ದಿ ಎತ್ತಲಿಲ್ಲ. ನಾನೂ ಹಟದಿಂದ ಕೇಳಲಿಲ್ಲ. ತಿರುವಿನಲ್ಲಿ ನೆರೆಯವರ ತೋಟ ಬಂತು. ಗಿಡಗಳ ಮೇಲೆ ಮೊಗ್ಗು ಕೆಂಪಗೆ ಕಮರಿ ಕೂತಿತ್ತು. ಗೇಟು ದಾಟಿದರೆ ನಮ್ಮ ಗುಡ್ಡ, ಬುಡದಿಂದ ನೆತ್ತಿಯವರೆಗೆ ಬೆಳ್ಳಗೆ.

ಅವತ್ತು ಬೆಳಿಗ್ಗೆಯಷ್ಟೇ ಹೂ ಅರಳಿತ್ತು. ಕೆರೆಯಲ್ಲಿ ಬರೀ ಕೆಸರು, ಅದರ ನಡುವೆ ಬೆಳ್ಳಕ್ಕಿಗಳು.

"ಹನಿ ನಿಂತ ತಕ್ಷಣ ಡೀಸೆಲ್ ಪಂಪ್ ಹಾಕ್ಸ್ದೆ," ಅಂದರು ರಸ್ತೆ ನೋಡುತ್ತಲೇ. "ನಿನ್ನ ಕೇಳಾಣ ಅಂದ್ರೆ ಫೋನ್ ಸತ್ತೋಗಿತ್ತು. ಒಂದ್ ತೊಟ್ಟೂ ಉಳಿಸ್ಲಿಲ್ಲ. ಪೈಪ್ ಹೊತ್ತು ಹೊತ್ತು ಭುಜ ಹೋಯ್ತು. ಬೈಯೋದಿದ್ರೆ ಈಗ್ಲೇ ಬೈದ್ಬುಡು."

ಯಾವ ಮುಖ ಇಟ್ಟುಕೊಂಡು ಬೈಯಲಿ? ಕಾಲುವೆಯ ದಂಡೆಯಲ್ಲಿ ಅವತ್ತು ಫೋನ್ ಸಿಕ್ಕಿದ್ದರೆ ನಾನು ಏನು ಹೇಳುತ್ತಿದ್ದೆ? ಮಾರನಹಳ್ಳಿಗೆ ಬಂದ ಮಳೆ ನಾಳೆ ನಮ್ಮಲ್ಲಿಗೂ ಬಂದೀತು, ಇನ್ನೊಂದು ದಿನ ಕಾಯಿರಿ ಅಂತಲೇ. ನನಗೆ ನನ್ನ ಗುಣ ಗೊತ್ತಿಲ್ಲವೇ? ನೆರೆಯವರೂ ಹಾಗೆಯೇ ಕಾದಿದ್ದರು.

ಸಂಜೆ ಗ್ರೀಟಳ ಬಾಟಲಿ ತೆಗೆದು ಎರಡು ಸ್ಟೀಲ್ ಲೋಟಕ್ಕೆ ಸುರಿದೆ. ಗ್ಲಾಸಿನ ಆಕಾರಕ್ಕೆ ಸಾಯುವ ಆ ಊರಿನವರು ನೋಡಿದ್ದರೆ ಎದೆಯೊಡೆದುಕೊಳ್ಳುತ್ತಿದ್ದರು. ನಮ್ಮನೆಯವರು ಒಂದು ಗುಟುಕು ಕುಡಿದು, "ಇದಕ್ಕೋಸ್ಕರ ಅಷ್ಟು ದೂರ ಹೋಗಿದ್ಯಾ?" ಎಂದು ಮುಖ ಕಿವುಚಿದರು. ಅಷ್ಟರಲ್ಲಿ ಶಿರಾಡಿ ಕಡೆಯಿಂದ ಗುಡುಗು. ಹೂ ಅರಳಿದ ದಿನ ಮಳೆ ಬರಬಾರದು. ಬಂದರೆ ಹೂವಿನ ಪರಾಗದ ಹುಡಿಯೆಲ್ಲ ತೊಳೆದುಹೋಗಿ ಕಾಯಿ ಕಚ್ಚುವುದಿಲ್ಲ. ಹತ್ತು ದಿನದ ಹಿಂದೆ ಯಾವ ಮೋಡಕ್ಕೆ ಕೈಮುಗಿದಿದ್ದೆವೋ ಅದನ್ನೇ ಈಗ ಹೋಗು ಹೋಗು ಅನ್ನಬೇಕು. ಗುಡ್ಡವನ್ನು ಮುಚ್ಚುವ ಟಾರ್ಪಾಲು ಎಲ್ಲಿಯೂ ಮಾರುವುದಿಲ್ಲ.

ನಮ್ಮನೆಯವರು ಲೋಟ ಇಟ್ಟು ಎದ್ದರು. ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದರು. ಕೂತರು. ಮತ್ತೆ ಎದ್ದರು. ಕಣದ ತುದಿಯವರೆಗೆ ಹೋಗಿ, ಗಾಳಿಗೆ ಕೈ ಹಿಡಿದು ನೋಡಿ ಬಂದರು. ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಆ ಮನುಷ್ಯ ಕಿಟಕಿಯ ಬಳಿ ನಿಂತು, ಎಳೆದು ಮುಚ್ಚಲು ಕೈ ಹಾಕಿದರು.

"ಬಿಡಿ, ತೆಗ್ದೇ ಇರ್ಲಿ," ಅಂದೆ.

ಅವರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು.

"ಈ ತಿಂಗಳಲ್ಲಿ ನೀನು ಹೆಂಗೆ ನಿದ್ದೆ ಮಾಡ್ತಿದ್ದೆ ಕಣೆ, ಇಷ್ಟು ವರ್ಷ?"

"ಮಾಡ್ತಿರ್ಲಿಲ್ಲ," ಅಂದೆ.

ಅವರು ಬಂದು ಪಕ್ಕದಲ್ಲಿ ಕೂತರು. ಹುಳಿ ಬಿಯರನ್ನು ಇನ್ನೊಂದು ಗುಟುಕು ಕುಡಿದರು. ಈ ಸಲ ಮುಖ ಕಿವುಚಲಿಲ್ಲ.